ರೇಸ್ ಕಾರಿನ ಹಿತ್ತಿಲ ಬಾಗಿಲು: ಗಾಳಿ ಮತ್ತು ಹೊಗೆ ಹೊರಬೀಳುವ ದಾರಿಯ ವಿಜ್ಞಾನ

ಏಪ್ರಿಲ್ ಮಧ್ಯಾಹ್ನದ ಬಳ್ಳಾರಿ. ಮನೆಯ ಮುಂಬಾಗಿಲು ಪೂರ್ತಿ ತೆರೆದಿದೆ, ಹೊರಗೆ ಗಾಳಿಯೂ ಬೀಸುತ್ತಿದೆ, ಆದರೆ ಪಡಸಾಲೆಯಲ್ಲಿ ಕೂತವರ ಬೆವರು ಆರುವುದಿಲ್ಲ. ಹಿತ್ತಿಲ ಬಾಗಿಲು ತೆಗೆದ ಕೂಡಲೇ ಗಾಳಿ ಆಡತೊಡಗುತ್ತದೆ. ಹೋಗಲು ದಾರಿ ಇಲ್ಲದಿದ್ದರೆ ಗಾಳಿ ಒಳಗೇ ಬರುವುದಿಲ್ಲ. ನಮ್ಮ ಕಡೆ ಮಾಳಿಗೆ ಮನೆ ಕಟ್ಟಿದವರಿಗೆ ಇದು ಗೊತ್ತಿತ್ತು. ಮುಂಬಾಗಿಲಿಗೆ ನೇರವಾಗಿ ಹಿತ್ತಿಲ ಬಾಗಿಲಿಟ್ಟರು, ಅಡುಗೆಮನೆಯ ಮೇಲೆ ಬೆಳಕಿಂಡಿ ಬಿಟ್ಟರು.

ರೇಸ್ ಕಾರಿಗೂ ಇದೇ ಮಾತು ಅನ್ವಯಿಸುತ್ತದೆ. ನೋಡುವವರ ಕಣ್ಣು ಚೂಪಾದ ಮೂತಿ ಮತ್ತು ಮುಂದಿನ ರೆಕ್ಕೆಯ ಮೇಲೆ ನಿಲ್ಲುತ್ತದೆ. ಆದರೆ ಮುಂದಿನಿಂದ ನುಗ್ಗಿದ ಗಾಳಿ ಹಿಂದೆ ಹೇಗೆ ಹೊರಬೀಳುತ್ತದೆ ಎಂಬುದರ ಮೇಲೆ ಕಾರಿನ ಹಿಡಿತ, ವೇಗ, ಇಂಜಿನ್ನಿನ ಆರೋಗ್ಯ ಮೂರೂ ನಿಂತಿವೆ. 2026ರ ಹೊಸ ನಿಯಮಗಳು ಫಾರ್ಮುಲಾ ಒನ್ ಕಾರುಗಳ ಹಿಂಭಾಗವನ್ನು ಮತ್ತೆ ಬದಲಿಸಿವೆ. ಬಳ್ಳಾರಿ, ಕೊಪ್ಪಳ, ರಾಯಚೂರಿನ ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೂ ಸ್ಪರ್ಧೆಗೆ ತಮ್ಮದೇ ಕಾರು ಕಟ್ಟುವ ದಾರಿ ತೆರೆದಿದೆ. ಹಾಗಾಗಿ ಈ ವಿಷಯವನ್ನು ಬುಡದಿಂದ ತಿಳಿಯೋಣ.

ಅದುಮುವ ಬಲ, ಎಳೆಯುವ ಬಲ

ಎರಡು ಪದ ಗೊತ್ತಿದ್ದರೆ ಸಾಕು. ಕಾರನ್ನು ನೆಲಕ್ಕೆ ಅದುಮುವ ಗಾಳಿಯ ಬಲಕ್ಕೆ ಡೌನ್‌ಫೋರ್ಸ್ ಎನ್ನುತ್ತಾರೆ. ಅದು ಹೆಚ್ಚಿದಷ್ಟೂ ಟೈರು ನೆಲವನ್ನು ಗಟ್ಟಿಯಾಗಿ ಹಿಡಿಯುತ್ತದೆ, ತಿರುವಿನಲ್ಲಿ ಕಾರು ಜಾರದೆ ಜೋರಾಗಿ ಹೋಗುತ್ತದೆ. ಕಾರನ್ನು ಹಿಂದಕ್ಕೆ ಎಳೆಯುವ ಗಾಳಿಯ ಬಲಕ್ಕೆ ಡ್ರ್ಯಾಗ್ ಎನ್ನುತ್ತಾರೆ. ಮೊದಲನೆಯದು ಬೇಕು, ಎರಡನೆಯದು ಬೇಡ. ಆದರೆ ಒಂದನ್ನು ಹೆಚ್ಚಿಸಲು ಹೋದರೆ ಇನ್ನೊಂದೂ ಜೊತೆಗೇ ಏರುತ್ತದೆ.

ವೇಗ ಎರಡು ಪಟ್ಟಾದರೆ ಗಾಳಿಯ ಒತ್ತಡ ನಾಲ್ಕು ಪಟ್ಟಾಗುತ್ತದೆ. 40 ಡಿಗ್ರಿ ಬಿಸಿಲಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 1.13 ಕೆ.ಜಿ. ತೂಗುತ್ತದೆ ಎಂದು ಹಿಡಿದರೆ, ಗಂಟೆಗೆ 80 ಕಿ.ಮೀ. ವೇಗದಲ್ಲಿ ಒಂದು ಚದರ ಮೀಟರ್ ಹಲಗೆಗೆ ಎದುರಾಗುವ ಒತ್ತಡ 28 ಕೆ.ಜಿ. ತೂಕದಷ್ಟು. 160ರಲ್ಲಿ ಅದು 114 ಕೆ.ಜಿ., 240ರಲ್ಲಿ 256. ಮಾಮೂಲಿ ಕಾರಿನ ಡಿಕ್ಕಿಗೆ ಹಾಕಿಸುವ ರೆಕ್ಕೆ ಊರಿನ ರಸ್ತೆಯಲ್ಲಿ ಏನೂ ಮಾಡದಿರಲು ಇದೇ ಕಾರಣ. ಚದರ ಮೀಟರಿನ ಐದನೇ ಒಂದು ಭಾಗದಷ್ಟು ವಿಸ್ತಾರದ ಸಾಧಾರಣ ರೆಕ್ಕೆ 80ರ ವೇಗದಲ್ಲಿ ಅದುಮುವುದು ಮೂರು ಕೆ.ಜಿ.ಯೊಳಗೆ. ಡಿಕ್ಕಿಯಲ್ಲಿ 25 ಕೆ.ಜಿ.ಯ ಒಂದು ಗಂಗಾವತಿ ಅಕ್ಕಿಯ ಚೀಲ ಇಟ್ಟರೆ ಅದರ ಎಂಟು ಪಟ್ಟು ಭಾರ ಬೀಳುತ್ತದೆ.

ಅದಿರು ಲಾರಿಯ ಹಿಂದಿನ ಧೂಳು

ಸಂಡೂರು ಕಡೆಯ ರಸ್ತೆಯಲ್ಲಿ ಅದಿರು ಲಾರಿಯ ಹಿಂದೆ ಬೈಕಿನಲ್ಲಿ ಹೋದವರಿಗೆ ಒಂದು ನೋಟ ಪರಿಚಿತ. ಕೆಂಪು ಧೂಳು ಲಾರಿಯ ಅಕ್ಕಪಕ್ಕ ಹಾದು ಹಿಂದಕ್ಕೆ ಚದುರಿ ಹೋಗುವುದಿಲ್ಲ. ಹಿಂದಿನ ಹಲಗೆಯ ಬೆನ್ನಿಗೇ ಸುತ್ತಿಕೊಂಡು ಬಂದು ಅಂಟುತ್ತದೆ. ಲಾರಿ ಮುಂದೆ ಸರಿದ ಜಾಗವನ್ನು ತುಂಬಲು ಗಾಳಿಗೆ ಪುರುಸೊತ್ತಿಲ್ಲ. ಅಲ್ಲಿ ಒತ್ತಡ ಕುಸಿದು ಸುಳಿ ಏಳುತ್ತದೆ. ಮುಂದೆ ಹೆಚ್ಚು ಒತ್ತಡ, ಹಿಂದೆ ಕಡಿಮೆ ಒತ್ತಡ; ಈ ವ್ಯತ್ಯಾಸವೇ ಲಾರಿಯನ್ನು ಹಿಂದಕ್ಕೆ ಎಳೆಯುವ ಡ್ರ್ಯಾಗಿನ ದೊಡ್ಡ ಪಾಲು.

ಆನೆಗೊಂದಿಯ ಹರಿಗೋಲು ನೆನೆಸಿಕೊಳ್ಳಿ. ಬುಟ್ಟಿಯಂತೆ ದುಂಡಗಿರುವುದರಿಂದ ಅದರ ಹಿಂದೆ ನೀರು ಸುಳಿ ಸುತ್ತುತ್ತದೆ, ವೇಗವಾಗಿ ಸಾಗಿಸುವುದು ಕಷ್ಟ. ಉದ್ದನೆಯ ದೋಣಿಯ ಹಿಂಬದಿ ಕ್ರಮೇಣ ಕಿರಿದಾಗುತ್ತದೆ, ಎರಡೂ ಬದಿಯ ನೀರು ಸದ್ದಿಲ್ಲದೆ ಬಂದು ಕೂಡಿಕೊಳ್ಳುತ್ತದೆ. ರೇಸ್ ಕಾರಿನ ಬಾಡಿ ಹಿಂದಕ್ಕೆ ಹೋದಂತೆ ಸಣ್ಣಗಾಗುವುದಕ್ಕೂ ಇದೇ ಮೊದಲ ಕಾರಣ.

ಕಾಲುವೆ ತೋರಿಸುವ ಡಿಫ್ಯೂಸರ್

ಕಾರಿನ ತಳಭಾಗ ಹಿಂದಿನ ಚಕ್ರಗಳ ಹತ್ತಿರ ಇಳಿಜಾರಿನಂತೆ ಮೇಲಕ್ಕೇಳುತ್ತದೆ. ಈ ಭಾಗವೇ ಡಿಫ್ಯೂಸರ್. ಇಡೀ ಕಾರಿನಲ್ಲಿ ಕಡಿಮೆ ಡ್ರ್ಯಾಗಿಗೆ ಹೆಚ್ಚು ಡೌನ್‌ಫೋರ್ಸ್ ಕೊಡುವುದು ಈ ತಳ ಮತ್ತು ಡಿಫ್ಯೂಸರ್ ಜೋಡಿ.

ಮುನಿರಾಬಾದಿನಿಂದ ಹೊರಡುವ ತುಂಗಭದ್ರಾ ಎಡದಂಡೆ ಕಾಲುವೆಯಂಥ ದೊಡ್ಡ ಕಾಲುವೆಯ ನೀರನ್ನು ಕಿರಿದಾದ ಕಟ್ಟಡವೊಂದರ ಮೂಲಕ ಹಾಯಿಸಿದರೆ ಏನಾಗುತ್ತದೆ? ಅಷ್ಟೇ ನೀರು ಸಣ್ಣ ಜಾಗದಲ್ಲಿ ಹೋಗಬೇಕಾದ್ದರಿಂದ ಅದರ ಓಟ ಜೋರಾಗುತ್ತದೆ, ನೀರಿನ ಮಟ್ಟ ತುಸು ತಗ್ಗುತ್ತದೆ. ಕಾರಿನ ತಳ ಮತ್ತು ನೆಲದ ನಡುವಿನ ಕಿರಿದಾದ ಸಂದಿಯಲ್ಲಿ ಗಾಳಿಗೂ ಇದೇ ಆಗುತ್ತದೆ. ಓಟ ಹೆಚ್ಚಾಗಿ ಒತ್ತಡ ತಗ್ಗುತ್ತದೆ. ಕಾರಿನ ಮೇಲಿನ ಗಾಳಿಯ ಒತ್ತಡ ಹೆಚ್ಚಿದೆ, ಕೆಳಗಿನದು ಕಡಿಮೆ, ಕಾರು ನೆಲಕ್ಕೆ ಅದುಮಲ್ಪಡುತ್ತದೆ.

ಹಾಗಾದರೆ ಹಿಂದಿನ ಇಳಿಜಾರು ಯಾಕೆ ಬೇಕು? ಜೋರಾಗಿ ಓಡುವ ಗಾಳಿ ಕಾರಿನ ಹಿಂದೆ ಮತ್ತೆ ಮಾಮೂಲಿ ಒತ್ತಡಕ್ಕೆ ಮರಳಬೇಕು. ಡಿಫ್ಯೂಸರ್ ಜಾಗವನ್ನು ಮೆಲ್ಲಗೆ ಅಗಲಿಸುತ್ತ ಗಾಳಿಯ ಓಟವನ್ನು ಇಳಿಸಿ ಒತ್ತಡವನ್ನು ಏರಿಸುತ್ತದೆ. ಕೊನೆಯಲ್ಲಿನ ಒತ್ತಡ ಹೊರಗಿನ ಗಾಳಿಯ ಮಟ್ಟದಲ್ಲೇ ಇರಬೇಕಾದ್ದರಿಂದ, ಅದಕ್ಕಿಂತ ಮೊದಲಿನ ಕಿರಿದಾದ ಭಾಗದಲ್ಲಿ ಒತ್ತಡ ಇನ್ನಷ್ಟು ಕೆಳಗಿಳಿಯಲೇಬೇಕು. ಹಿತ್ತಿಲ ಬಾಗಿಲು ತೆರೆದಾಗ ಪಡಸಾಲೆಯಲ್ಲಿ ಗಾಳಿ ಆಡಿದಂತೆ, ಹಿಂದಿನ ಇಳಿಜಾರು ಮುಂದಿನ ಗಾಳಿಯನ್ನು ಎಳೆದುಕೊಳ್ಳುತ್ತದೆ.

ತಪ್ಪಾಗುವುದು ಕೋನದಲ್ಲಿ. ಕಾಲುವೆಯ ಕಿರಿದಾದ ಭಾಗ ಮುಗಿದ ಮೇಲೆ ಗೋಡೆಗಳನ್ನು ಓರೆಯಾಗಿ, ಮೆಲ್ಲಗೆ ಅಗಲಿಸಿ ಕಟ್ಟುತ್ತಾರೆ. ಥಟ್ಟನೆ ಅಗಲಿಸಿದರೆ ನೀರು ಗೋಡೆ ಬಿಟ್ಟು ನಡುವೆ ಮಾತ್ರ ಹರಿದು, ಅಂಚುಗಳಲ್ಲಿ ಸುಳಿ ಎದ್ದು ದಂಡೆ ಕೊರೆಯುತ್ತದೆ. ಡಿಫ್ಯೂಸರನ್ನು ಹೆಚ್ಚು ಕಡಿದಾಗಿ ಏರಿಸಿದರೂ ಗಾಳಿ ಅದರ ಮೈ ಬಿಟ್ಟುಬಿಡುತ್ತದೆ, ಡೌನ್‌ಫೋರ್ಸ್ ಒಮ್ಮೆಲೇ ಕುಸಿಯುತ್ತದೆ. ಹೊಸದಾಗಿ ಮಾಡುವವರು 7ರಿಂದ 10 ಡಿಗ್ರಿಯಲ್ಲಿ ಆರಂಭಿಸುವುದು ಕ್ಷೇಮ. 60 ಸೆಂ.ಮೀ. ಉದ್ದದ ಡಿಫ್ಯೂಸರ್ 10 ಡಿಗ್ರಿಯಲ್ಲಿ ಸುಮಾರು ಹತ್ತೂವರೆ ಸೆಂ.ಮೀ. ಏರುತ್ತದೆ. ನೋಡಲು ಕಡಿಮೆ ಅನಿಸುತ್ತದೆ, ಆದರೆ ಗಾಳಿಗೆ ಅದು ಸಾಕಷ್ಟು ದೊಡ್ಡ ಏರು.

1983: ಒಂದೇ ವರ್ಷ ಹುಟ್ಟಿದ ಎರಡು ಉಪಾಯ

1970ರ ದಶಕದ ಕೊನೆಯಲ್ಲಿ ಲೋಟಸ್ ತಂಡ ಕಾರಿನ ತಳವನ್ನೇ ಸುರಂಗದಂತೆ ಮಾಡಿ ಗೆದ್ದಿತು. ಎಲ್ಲರೂ ಅದನ್ನು ಹಿಂಬಾಲಿಸಿದರು. ತಿರುವುಗಳ ವೇಗ ಅಪಾಯ ಮಟ್ಟಕ್ಕೆ ಏರಿದಾಗ, 1983ರಿಂದ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ತಳ ಚಪ್ಪಟೆಯಾಗಿರಬೇಕು ಎಂಬ ನಿಯಮ ಬಂತು. ಸುರಂಗ ಹೋಯಿತು. ಹಿಂದಿನ ಚಕ್ರಗಳ ನಡುವಿನಿಂದ ಹಿಂದಕ್ಕಿರುವ ಜಾಗ ಮಾತ್ರ ಉಳಿಯಿತು. ಇಂಜಿನಿಯರುಗಳ ಬುದ್ಧಿಯೆಲ್ಲ ಆ ಜಾಗಕ್ಕೆ ಹರಿಯಿತು.

ಮೊದಲ ಉಪಾಯ ವಿನ್ಯಾಸಕ ಜಾನ್ ಬರ್ನಾರ್ಡ್ ಅವರದು. ಮ್ಯಾಕ್ಲಾರೆನ್ ಕಾರಿನ ಬಾಡಿಯನ್ನು ಹಿಂದಿನ ಚಕ್ರಗಳ ನಡುವೆ ಕೋಕಾಕೋಲಾ ಬಾಟಲಿಯ ನಡುವಿನಂತೆ ಸಣ್ಣ ಮಾಡಿದರು. ಎರಡೂ ಬದಿಯ ಗಾಳಿ ಒಳಮುಖವಾಗಿ ಹರಿದು ಡಿಫ್ಯೂಸರಿನ ಮೇಲೆ ಹಾಯ್ದು ಹೋಗತೊಡಗಿತು. ಮೇಲಿನ ಹರಿವು ಚುರುಕಾದರೆ ಕೆಳಗಿನ ಹರಿವನ್ನೂ ತನ್ನ ಜೊತೆ ಎಳೆಯುತ್ತದೆ. ಆ ನಡು ಇಂದಿನ ಕಾರುಗಳಲ್ಲೂ ಇದೆ.

ಎರಡನೆಯದು ರೆನೋ ತಂಡದ್ದು. ಆರ್‌ಇ40 ಕಾರಿನಲ್ಲಿ ಇಂಜಿನ್ನಿನ ಹೊಗೆಯನ್ನೇ ಡಿಫ್ಯೂಸರಿನೊಳಗೆ ಊದಿದರು. ಹಾಗೇ ಬಿಸಾಡುತ್ತಿದ್ದ ಹೊಗೆ ಕೆಲಸಕ್ಕೆ ಬಂತು.

ಹೊಗೆಗೆ ಅಷ್ಟು ಶಕ್ತಿ ಎಲ್ಲಿಂದ?

ಲೆಕ್ಕ ಹಾಕಿ ನೋಡೋಣ. 2010ರ ಹೊತ್ತಿನ ಫಾರ್ಮುಲಾ ಒನ್ ಇಂಜಿನ್ 2.4 ಲೀಟರಿನದು, ನಿಮಿಷಕ್ಕೆ ಗರಿಷ್ಠ 18,000 ಸುತ್ತು. ಅಂದರೆ ಸೆಕೆಂಡಿಗೆ 300. ಫೋರ್ ಸ್ಟ್ರೋಕ್ ಇಂಜಿನ್ ಎರಡು ಸುತ್ತಿಗೊಮ್ಮೆ ತನ್ನ ಹೊಟ್ಟೆ ತುಂಬಿಸಿಕೊಳ್ಳುತ್ತದೆ. ಆದ್ದರಿಂದ ಸೆಕೆಂಡಿಗೆ 2.4 × 150, ಅಂದರೆ ಸುಮಾರು 360 ಲೀಟರ್ ಗಾಳಿ. 800 ಡಿಗ್ರಿ ದಾಟಿ ಕಾದು ಹೊರಬರುವಾಗ ಅದು ಮೂರೂವರೆ ಪಟ್ಟಿಗೂ ಹೆಚ್ಚು ಹಿಗ್ಗುತ್ತದೆ. ಸೆಕೆಂಡಿಗೆ 1,300 ಲೀಟರ್ ದಾಟುವ ಬಿಸಿ ಹರಿವು ಎರಡು ಕೊಳವೆಗಳಿಂದ ಚಿಮ್ಮುತ್ತದೆ. 800 ಸಿಸಿಯ ಮನೆ ಕಾರು 5,000 ಸುತ್ತಿನಲ್ಲಿ ಒಳಗೆಳೆಯುವುದು ಸೆಕೆಂಡಿಗೆ 33 ಲೀಟರ್ ಮಾತ್ರ. ಊರಿನ ಕಾರಿಗೆ ದಪ್ಪ ಸೈಲೆನ್ಸರ್ ಹಾಕಿಸಿದರೆ ಸದ್ದು ಬದಲಾಗುತ್ತದೆ, ಕಾರಿನ ಹೊರಗಿನ ಗಾಳಿಯ ಹರಿವು ಬದಲಾಗುವುದಿಲ್ಲ.

ಜೋರಾಗಿ ಚಿಮ್ಮುವ ಧಾರೆ ಅಕ್ಕಪಕ್ಕದ ಗಾಳಿಯನ್ನೂ ಸೆಳೆದುಕೊಂಡು ಹೋಗುತ್ತದೆ. ಹಿಂದಿನ ಉಗಿಬಂಡಿಗಳು ಇದರಿಂದಲೇ ಓಡುತ್ತಿದ್ದವು. ಸಿಲಿಂಡರಿನಿಂದ ಹೊರಬಿದ್ದ ಉಗಿಯನ್ನು ಚಿಮಣಿಯೊಳಗೆ ಚಿಮ್ಮಿಸುತ್ತಿದ್ದರು. ಅದು ಒಲೆಯ ಹೊಗೆಯನ್ನು ಮೇಲಕ್ಕೆಳೆದು, ಬೆಂಕಿಗೆ ಹೊಸ ಗಾಳಿ ನುಗ್ಗುವಂತೆ ಮಾಡುತ್ತಿತ್ತು. ಡಿಫ್ಯೂಸರಿನಲ್ಲಿ ಹೊಗೆ ಮಾಡುವುದೂ ಇದನ್ನೇ. ಸೋತು ಮೈ ಬಿಡಲಿದ್ದ ಗಾಳಿಗೆ ಹೊಸ ಓಟ ಕೊಡುತ್ತದೆ.

2010ರಲ್ಲಿ ಏಡ್ರಿಯನ್ ನ್ಯೂಯಿ ವಿನ್ಯಾಸದ ರೆಡ್ ಬುಲ್ ಆರ್‌ಬಿ6 ಈ ಹಳೆಯ ಉಪಾಯವನ್ನು ಮತ್ತೆ ತಂದಿತು. ಮರುವರ್ಷದ ಆರ್‌ಬಿ7ರಲ್ಲಿ ಹೊಗೆಯನ್ನು ತಳದ ಹೊರ ಅಂಚಿಗೆ, ಹಿಂದಿನ ಟೈರಿನ ಪಕ್ಕದ ಸಂದಿಗೆ ಊದಿದರು. ಮಳೆನೀರು ನಿಂತ ಗುಂಡಿಯಲ್ಲಿ ಚಪ್ಪಲಿ ಕಾಲಿಟ್ಟರೆ ನೀರು ಬದಿಗೆ ಪಿಚಕ್ಕನೆ ಹಾರುತ್ತದಲ್ಲ, ಹಾಗೇ ಉರುಳುವ ಟೈರು ನೆಲಕ್ಕೆ ತಾಗುವಲ್ಲಿ ಗಾಳಿಯನ್ನು ಬದಿಗೆ ಹಾರಿಸುತ್ತದೆ. ಒಳಬದಿಗೆ ಹಾರಿದ ಕೆಟ್ಟ ಗಾಳಿ ಡಿಫ್ಯೂಸರಿಗೆ ನುಗ್ಗಿ ಹರಿವನ್ನು ಕೆಡಿಸುತ್ತದೆ. ಹೊಗೆಯ ಧಾರೆ ಅಲ್ಲೊಂದು ಗಾಳಿಯ ಗೋಡೆ ಕಟ್ಟುತ್ತದೆ. ಏಸಿ ಅಂಗಡಿಯ ಬಾಗಿಲ ಮೇಲಿನ ಏರ್ ಕರ್ಟನ್ ಹೊರಗಿನ ಸೆಕೆಯನ್ನು ತಡೆಯುವಂತೆ, ಅದು ಟೈರಿನ ಗಾಳಿಯನ್ನು ತಡೆಯುತ್ತದೆ.

ಕಾಲು ಎತ್ತಿದರೆ ಹಿಡಿತ ಹೋಗುವ ಕಷ್ಟ

ಇದರ ದೊಡ್ಡ ದೋಷ ಚಾಲಕನ ಬಲಗಾಲಿನಲ್ಲಿತ್ತು. ತಿರುವಿಗೆ ಬರುವಾಗ ಆಕ್ಸಿಲರೇಟರಿನಿಂದ ಕಾಲು ಎತ್ತಿ ಬ್ರೇಕ್ ಒತ್ತುತ್ತಾನೆ. ಇಂಜಿನ್ ಗಾಳಿ ಎಳೆಯುವುದು ನಿಂತು ಹೊಗೆಯ ಧಾರೆ ಸೊರಗುತ್ತದೆ. ಹಿಂದಿನ ಚಕ್ರಗಳಿಗೆ ಹಿಡಿತ ಅತ್ಯಗತ್ಯವಾದ ಗಳಿಗೆಯಲ್ಲೇ ಡೌನ್‌ಫೋರ್ಸ್ ಮಾಯವಾಗಿ ಕಾರಿನ ಹಿಂಬದಿ ಜಾರುತ್ತದೆ. ಉಗಿಬಂಡಿಗೂ ಇದೇ ಕಷ್ಟವಿತ್ತು: ಉಗಿ ನಿಲ್ಲಿಸಿದರೆ ಒಲೆಯ ಸೆಳೆತ ನಿಲ್ಲುತ್ತಿತ್ತು. ಅದಕ್ಕಾಗಿ ಚಿಮಣಿಗೆ ನೇರವಾಗಿ ಉಗಿ ಊದುವ ಬ್ಲೋವರ್ ಎಂಬ ಬೇರೆ ಕೊಳವೆ ಇಟ್ಟಿದ್ದರು.

ರೇಸ್ ಇಂಜಿನಿಯರುಗಳು ಕಂಡುಕೊಂಡ ಪರಿಹಾರವೂ ಅದೇ ಬಗೆಯದು. ಚಾಲಕ ಕಾಲು ಎತ್ತಿದರೂ ಇಂಜಿನ್ನಿಗೆ ಗಾಳಿ ಬಿಡುವ ಥ್ರಾಟಲನ್ನು ಕಂಪ್ಯೂಟರ್ ತೆರೆದೇ ಇಡುತ್ತದೆ. ಇಂಧನ ಬಿಡದೆ ಬರೀ ಗಾಳಿಯನ್ನು ಇಂಜಿನ್ ಮೂಲಕ ಹಾಯಿಸುವುದು ಕೋಲ್ಡ್ ಬ್ಲೋಯಿಂಗ್. ಸ್ವಲ್ಪ ಇಂಧನ ಬಿಟ್ಟು, ಕಿಡಿಯನ್ನು ತಡವಾಗಿ ಹೊತ್ತಿಸಿ, ಉರಿ ಎಕ್ಸಾಸ್ಟ್ ಕೊಳವೆಯ ತನಕ ಮುಂದುವರಿಯುವಂತೆ ಮಾಡುವುದು ಹಾಟ್ ಬ್ಲೋಯಿಂಗ್. ಎರಡನೆಯದರಲ್ಲಿ ಧಾರೆ ಬಲವಾಗಿರುತ್ತದೆ, ಆದರೆ ವಾಲ್ವುಗಳೂ ಕೊಳವೆಗಳೂ ವಿಪರೀತ ಕಾಯುತ್ತವೆ, ಪೆಟ್ರೋಲೂ ಹೆಚ್ಚು ಬೇಕು. 2011ರ ಬ್ರಿಟಿಷ್ ಗ್ರ್ಯಾನ್ ಪ್ರಿಯಲ್ಲಿ ಇದಕ್ಕೆ ಕಡಿವಾಣ ಹಾಕಿ, ಮುಂದಿನ ರೇಸಿಗೇ ಅದನ್ನು ಹಿಂತೆಗೆದುಕೊಂಡರು.

ಅದೇ ವರ್ಷ ಅಕ್ಟೋಬರ್ 30ರಂದು ನೊಯ್ಡಾ ಬಳಿಯ ಬುದ್ಧ ಸರ್ಕ್ಯೂಟಿನಲ್ಲಿ ಭಾರತದ ಮೊದಲ ಫಾರ್ಮುಲಾ ಒನ್ ರೇಸ್ ನಡೆಯಿತು. ಗೆದ್ದದ್ದು ಆರ್‌ಬಿ7ರಲ್ಲಿದ್ದ ಸೆಬಾಸ್ಟಿಯನ್ ವೆಟಲ್. 2012 ಮತ್ತು 2013ರಲ್ಲೂ ಅವರೇ ಅಲ್ಲಿ ಗೆದ್ದರು. ನಮ್ಮ ನೆಲದಲ್ಲಿ ಈವರೆಗೆ ನಡೆದ ಮೂರೂ ರೇಸುಗಳನ್ನು ಗೆದ್ದ ಕಾರುಗಳು ಹೊಗೆಯನ್ನು ಹಿಡಿತಕ್ಕೆ ದುಡಿಸಿಕೊಂಡವು.

ಅಂಟಿಕೊಂಡು ಹರಿಯುವ ಧಾರೆ

2012ರ ನಿಯಮ ಹೊಗೆ ಕೊಳವೆಯನ್ನು ತಳದಿಂದ ಮೇಲಕ್ಕೆತ್ತಿತು. ಕೊಳವೆಯ ಕೊನೆಯ 100 ಮಿ.ಮೀ. ನೇರವಾಗಿದ್ದು, ಬಾಯಿ 10ರಿಂದ 30 ಡಿಗ್ರಿ ಮೇಲ್ಮುಖವಾಗಿರಬೇಕಿತ್ತು. ಇನ್ನು ಹೊಗೆಯನ್ನು ನೆಲದತ್ತ ಊದಲಾಗದು ಎಂಬುದು ನಿಯಮದ ಆಶಯ. ಮ್ಯಾಕ್ಲಾರೆನ್, ಸೌಬರ್ ತಂಡಗಳು ಕೊಳವೆಯ ಹಿಂದಿನ ಬಾಡಿಯನ್ನೇ ಇಳಿಜಾರಾಗಿ ಬಾಗಿಸಿದವು. ಹೊಗೆ ಆ ಮೈಗೆ ಅಂಟಿಕೊಂಡು ಕೆಳಗಿಳಿದು, ಬೇಕಾದ ಜಾಗಕ್ಕೇ ತಲುಪಿತು. ಉಳಿದ ತಂಡಗಳೂ ಇದೇ ದಾರಿ ಹಿಡಿದವು.

ಇದಕ್ಕೆ ರೊಮೇನಿಯಾದ ಆನ್ರಿ ಕೋಆಂಡ ಅವರ ನೆನಪಿನಲ್ಲಿ ಕೋಆಂಡ ಪರಿಣಾಮ ಎನ್ನುತ್ತಾರೆ. ನಲ್ಲಿಯ ಧಾರೆಗೆ ಚಮಚದ ಉಬ್ಬು ಬೆನ್ನನ್ನು ತಾಗಿಸಿದರೆ ನೀರು ಅದನ್ನೇ ಹಿಡಿದು ಬಾಗುವುದು ಕಾಣುತ್ತದೆ. ನೀರಿಗೆ ಮೇಲ್ಮೈಯ ಬಿಗಿತವೂ ನೆರವಾಗುತ್ತದೆ, ಗಾಳಿಗೆ ಆ ಬಿಗಿತ ಇಲ್ಲ. ಅಲ್ಲಿ ಕೆಲಸ ಮಾಡುವುದು ಧಾರೆಯ ಸೆಳೆತ: ಧಾರೆ ಮತ್ತು ಬಾಡಿಯ ನಡುವಿನ ಗಾಳಿಯನ್ನು ಧಾರೆ ಎಳೆದೊಯ್ಯುತ್ತದೆ, ಆ ಸಂದಿಯಲ್ಲಿ ಒತ್ತಡ ತಗ್ಗುತ್ತದೆ, ಧಾರೆಯೇ ಬಂದು ಬಾಡಿಗೆ ಒರಗುತ್ತದೆ. ಬಾಗು ಹೆಚ್ಚಾದರೆ ಅಂಟು ಬಿಟ್ಟುಹೋಗುತ್ತದೆ.

2014ರಲ್ಲಿ 1.6 ಲೀಟರಿನ ಟರ್ಬೊ ಇಂಜಿನ್ ಬಂತು. ನಡುಗೆರೆಯಲ್ಲಿ ಒಂದೇ ಕೊಳವೆ, ಅದೂ ಹಿಂದಿನ ಅಚ್ಚಿನ ಹಿಂದಕ್ಕೆ ತೆರೆದುಕೊಳ್ಳಬೇಕು. ಟರ್ಬೊದೊಳಗಿನ ಟರ್ಬೈನ್ ಚಕ್ರ ಹೊಗೆಯ ಶಕ್ತಿಯನ್ನು ಮೊದಲೇ ಹೀರುವುದರಿಂದ ಧಾರೆಯೂ ಬಡವಾಯಿತು. ಆದರೂ ತಂಡಗಳು ಕೊಳವೆಯ ಮೇಲೆ ಮಂಕಿ ಸೀಟ್ ಎಂಬ ಪುಟ್ಟ ರೆಕ್ಕೆ ಇಟ್ಟು, ಹೊಗೆಯನ್ನು ಮೇಲಕ್ಕೆ ಸೆಳೆದು ಹಿಂದಿನ ದೊಡ್ಡ ರೆಕ್ಕೆಗೂ ಡಿಫ್ಯೂಸರಿಗೂ ಸಂಬಂಧ ಕಲ್ಪಿಸಿದವು. 2022ರಲ್ಲಿ ತಳದ ಸುರಂಗಗಳು ಮರಳಿ ಬಂದವು. 2026ರಲ್ಲಿ ಅವು ಮತ್ತೆ ಹೋಗಿ ತಳ ಚಪ್ಪಟೆಯತ್ತ ವಾಲಿದೆ. ಹಿಂದಿನ ರೆಕ್ಕೆಯ ಕೆಳಗಿದ್ದ ಬೀಮ್ ವಿಂಗ್ ಎಂಬ ಸಣ್ಣ ರೆಕ್ಕೆ ಇಲ್ಲ. ನೇರ ದಾರಿಯಲ್ಲಿ ರೆಕ್ಕೆಗಳು ಮಲಗಿ ಡ್ರ್ಯಾಗ್ ಇಳಿಸುತ್ತವೆ. ಹೊಗೆಯಿಂದ ವಿದ್ಯುತ್ ತೆಗೆಯುತ್ತಿದ್ದ ಮೋಟಾರನ್ನೂ ಕೈಬಿಟ್ಟಿದ್ದಾರೆ.

ಬಿಸಿಲ ನಾಡಿನ ಲೆಕ್ಕ

ರೇಡಿಯೇಟರ್ ಹಾಯ್ದ ಗಾಳಿ ಹೊರಬೀಳುವುದೂ ಹಿಂದಿನಿಂದಲೇ. ಅಲ್ಲಿನ ಬಾಯಿಯ ಅಳತೆ ಊರಿನ ಹವೆಯ ಮೇಲೆ ನಿಂತಿದೆ. ರೇಡಿಯೇಟರಿನ ನೀರು 100 ಡಿಗ್ರಿ ಇದೆ ಎನ್ನಿ. ಹೊರಗೆ 20 ಡಿಗ್ರಿ ಇದ್ದರೆ ವ್ಯತ್ಯಾಸ 80. ರಾಯಚೂರಿನ ಮೇ ತಿಂಗಳ 42 ಡಿಗ್ರಿಯಲ್ಲಿ ವ್ಯತ್ಯಾಸ 58 ಮಾತ್ರ. ಅಷ್ಟೇ ಬಿಸಿಯನ್ನು ಸಾಗಿಸಲು, ಒರಟು ಲೆಕ್ಕದಲ್ಲಿ, ಮೊದಲಿಗಿಂತ ಮೂರನೇ ಒಂದು ಪಾಲಿಗೂ ಮಿಕ್ಕಿ ಹೆಚ್ಚುವರಿ ಗಾಳಿ ಬೇಕು. ಜೊತೆಗೆ, 42 ಡಿಗ್ರಿಯ ಗಾಳಿ ರೇಡಿಯೇಟರಿನಲ್ಲಿ ಇನ್ನೂ 40 ಡಿಗ್ರಿ ಕಾದರೆ ಹಿಗ್ಗುತ್ತದೆ. ಒಳಗೆ ಹೋದ 100 ಲೀಟರ್ ಹೊರಬರುವಾಗ ಸುಮಾರು 113 ಲೀಟರ್ ಆಗಿರುತ್ತದೆ.

ಇಂಜಿನ್ ಕಾಯುತ್ತಿದೆ ಎಂದು ಮುಂದಿನ ಬಾಯನ್ನು ದೊಡ್ಡದು ಮಾಡುವುದು ಎಲ್ಲೆಡೆ ಕಾಣುವ ತಪ್ಪು. ಹಿಂದೆ ದಾರಿ ಇಲ್ಲದಿದ್ದರೆ ಹೆಚ್ಚಿನ ಗಾಳಿ ಬಾಯಿಂದಲೇ ಹೊರಚೆಲ್ಲಿ ಡ್ರ್ಯಾಗ್ ಮಾತ್ರ ಏರುತ್ತದೆ. ಮೊದಲು ಹೊರದಾರಿಯನ್ನು, ಅದೂ ಒತ್ತಡ ಕಡಿಮೆ ಇರುವಲ್ಲಿ ತೆರೆಯಬೇಕು: ಕೊಳವೆಯ ಸುತ್ತ, ಸಣ್ಣ ನಡುವಿನ ಕೊನೆಯಲ್ಲಿ, ಅಥವಾ ಬಾಡಿಯ ಮೇಲೆ ಮೀನಿನ ಕಿವಿರಿನಂಥ ಸೀಳುಗಳಲ್ಲಿ. ಫಾರ್ಮುಲಾ ಒನ್ ತಂಡಗಳು ಬೇರೆ ಬೇರೆ ಅಳತೆಯ ಕಿವಿರು ಹಲಗೆಗಳನ್ನು ಜೊತೆಗೊಯ್ದು, ಸೆಕೆ ನೋಡಿ ಬದಲಿಸುತ್ತವೆ. ಪ್ರತಿ ಹೆಚ್ಚುವರಿ ಸೀಳಿಗೂ ತುಸು ವೇಗ ತೆರಬೇಕು.

ಕಾರು ಕಟ್ಟುವ ವಿದ್ಯಾರ್ಥಿಗಳಿಗೆ

ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಲ್ಲಿ ನಡೆಯುವ ಫಾರ್ಮುಲಾ ಭಾರತ್‌ನಂಥ ಸ್ಪರ್ಧೆಗೆ ಹೊರಡುವವರು ಹೊಗೆಯಿಂದ ಡೌನ್‌ಫೋರ್ಸ್ ಪಡೆಯುವ ಆಸೆ ಬಿಡುವುದು ಒಳ್ಳೆಯದು. ವಿದ್ಯಾರ್ಥಿ ಫಾರ್ಮುಲಾ ನಿಯಮದಲ್ಲಿ ಪೆಟ್ರೋಲ್ ಇಂಜಿನ್ 710 ಸಿಸಿ ಮೀರುವಂತಿಲ್ಲ, ಅದರ ಗಾಳಿಯೆಲ್ಲ 20 ಮಿ.ಮೀ. ವ್ಯಾಸದ ಸಂದಿಯಿಂದಲೇ ಬರಬೇಕು. ಹೊಗೆಯ ಧಾರೆ ತೀರ ಸಣ್ಣದು. ಡಿಫ್ಯೂಸರ್, ಹೊರದಾರಿ ಮತ್ತು ಬಿಸಿಯಿಂದ ರಕ್ಷಣೆ, ಈ ಮೂರರ ಮೇಲೆ ದುಡಿದರೆ ಫಲ ಸಿಗುತ್ತದೆ.

ಗಾಳಿ ಬಾಡಿಗೆ ಅಂಟಿದೆಯೇ ಎಂದು ತಿಳಿಯಲು ಉಣ್ಣೆ ದಾರ ಸಾಕು. ಕಂಬಳಿ ನೂಲು ದಪ್ಪ, ಅಷ್ಟು ಭಾರ ಬೇಡ. ಸ್ವೆಟರ್ ಹೆಣೆಯುವ ತೆಳು ಉಣ್ಣೆ ತನ್ನಿ. ನೈಲಾನ್ ಬೇಡ, ಕೊಳವೆಯ ಹತ್ತಿರ ಕರಗಿ ಅಂಟುತ್ತದೆ. 8 ಸೆಂ.ಮೀ. ತುಂಡುಗಳನ್ನು 10 ಸೆಂ.ಮೀ.ಗೆ ಒಂದರಂತೆ, ಮುಂದಿನ ತುದಿ ಮಾತ್ರ ಟೇಪ್ ಹಾಕಿ ಅಂಟಿಸಿ. ಬೆಳಿಗ್ಗೆ ಗಾಳಿ ಏಳುವ ಮೊದಲು, ಬೇರೆ ವಾಹನಗಳಿಲ್ಲದ ಮುಚ್ಚಿದ ಮೈದಾನದಲ್ಲಿ 60 ಕಿ.ಮೀ. ಸಮವೇಗದಲ್ಲಿ ಓಡಿಸಿ. ಡಿಫ್ಯೂಸರಿನ ಒಳಗೆ ನೋಡಲು ಸಣ್ಣ ಕ್ಯಾಮೆರಾ ಕಟ್ಟಿ. ದಾರ ನೇರ ಮಲಗಿದ್ದರೆ ಹರಿವು ಚೆನ್ನಾಗಿದೆ. ಪಟಪಟಿಸಿದರೆ ಕೆಡುತ್ತಿದೆ. ಮುಂದಕ್ಕೆ ಮಗುಚಿದರೆ ಗಾಳಿ ಮೈ ಬಿಟ್ಟಿದೆ. ಕೋನವನ್ನು ಎರಡು ಡಿಗ್ರಿ ಇಳಿಸಿ ಮತ್ತೆ ಓಡಿಸಿ. ಸೀಮೆಎಣ್ಣೆಯಲ್ಲಿ ಬಣ್ಣದ ಪುಡಿ ಕಲಸಿ ಬಳಿಯುವ ವಿಧಾನವನ್ನು ಎಕ್ಸಾಸ್ಟಿನ ಹತ್ತಿರ ಬಳಸಲೇಬೇಡಿ, ಬೆಂಕಿ ಹೊತ್ತುತ್ತದೆ.

ಕೊಳವೆಯ ಬಾಯಿ ಹಿಂದಿನ ಅಚ್ಚಿನಿಂದ 45 ಸೆಂ.ಮೀ.ಗಿಂತ ಹಿಂದೆ, ನೆಲದಿಂದ 60 ಸೆಂ.ಮೀ.ಗಿಂತ ಮೇಲೆ ಇರಬಾರದು. ಅದನ್ನು ಟೈರಿಗೆ, ಬ್ರೇಕ್ ಪೈಪಿಗೆ, ಪೆಟ್ರೋಲ್ ಟ್ಯಾಂಕಿಗೆ ಎದುರಾಗಿಸಬೇಡಿ. ಸಾಮಾನ್ಯ ಎಪಾಕ್ಸಿ ಅಂಟು ಹಾಕಿದ ಫೈಬರ್ ಬಾಡಿ 100 ಡಿಗ್ರಿ ತಲುಪುವ ಮೊದಲೇ ಮೆತ್ತಗಾಗಬಹುದು, ಕೊಳವೆಯ ಮೈ ಅದರ ಹಲವು ಪಟ್ಟು ಕಾದಿರುತ್ತದೆ. ನಡುವೆ ಅಲ್ಯೂಮಿನಿಯಂ ತಗಡು ಇಟ್ಟು, ಅದರ ಎರಡೂ ಬದಿಗೆ ಗಾಳಿ ಆಡುವಷ್ಟು ಜಾಗ ಬಿಡಿ. ತಗಡನ್ನು ಬಾಡಿಗೆ ಒತ್ತಿ ಕೂರಿಸಿದರೆ ಬಿಸಿ ನೇರವಾಗಿ ದಾಟುತ್ತದೆ.

ಬಾಡಿ ಸುಡುವುದು ಹೆಚ್ಚಾಗಿ ಓಡುವಾಗಲ್ಲ, ನಿಂತ ಮೇಲೆ. ಹರಿವು ನಿಂತ ಕೂಡಲೇ ಕೊಳವೆಯ ಬಿಸಿ ಮೇಲಕ್ಕೇರಿ ಮುಚ್ಚಳದಡಿ ಸೇರುತ್ತದೆ. 2011ರ ಹಂಗೇರಿ ರೇಸಿನಲ್ಲಿ ಟೈರು ಬದಲಿಸುವ ಪಿಟ್‌ನಲ್ಲಿ ಹೆಚ್ಚು ಹೊತ್ತು ನಿಂತು ಹೊರಟ ರೆನೋ ಕಾರೊಂದಕ್ಕೆ ಬೆಂಕಿ ಹತ್ತಿತು. ಸ್ಟಾರ್ಟಿಂಗ್ ಸಾಲಿನಲ್ಲಿ ನಿಂತ ಕಾರುಗಳ ಪಕ್ಕದ ಬಾಯಿಗಳಿಗೆ ಫ್ಯಾನ್ ಹಚ್ಚಿ, ಡ್ರೈ ಐಸ್ ತುಂಬಿ ತಂಪು ಗಾಳಿ ಊದುವುದು ಇದಕ್ಕಾಗಿಯೇ. ನಿಮ್ಮ ಕಾರು ಓಡಿ ಬಂದು ನಿಂತ ಕೂಡಲೇ ಇಂಜಿನ್ ಮುಚ್ಚಳ ತೆಗೆಯಿರಿ, ಹಿಂದಿನಿಂದ ಒಂದು ಟೇಬಲ್ ಫ್ಯಾನ್ ಹಚ್ಚಿ, ಹತ್ತು ನಿಮಿಷ ಕಳೆದ ಮೇಲೆ ಕೊಳವೆಗೆ ಹತ್ತಿರದ ಬಾಡಿಯನ್ನು ಬರಿಗಣ್ಣಿನಿಂದ ಪರೀಕ್ಷಿಸಿ. ಬಣ್ಣ ಕಂದು ತಿರುಗಿದ್ದರೆ ಆ ಜಾಗದ ಸಂದಿ ಸಾಲದು.